ಸೆರಗಿನೊಳಗಿನ ಕೈ

ದನದ ದಲ್ಲಾಳಿ ಕರಿಯಪ್ಪನ ವಿದ್ಯೆ ಅವನ ಮಗನಿಗೆ ಬರಲಿಲ್ಲ, ಮಗಳಿಗೆ ಬಂತು. ವಿದ್ಯೆ ಅಂದರೆ ಭಾರಿ ಏನಲ್ಲ. ಸಂತೆಯಲ್ಲಿ ಎತ್ತಿನ ಬೆಲೆಯನ್ನು ಬಾಯಲ್ಲಿ ಆಡಬಾರದು, ಅಷ್ಟೇ. ಕೊಳ್ಳುವವನೂ ಮಾರುವವನೂ ಒಂದು ಟವೆಲ್ಲಿನ ಕೆಳಗೆ ಕೈ ಸೇರಿಸಿ, ಬೆರಳು ಹಿಡಿದು ಅದುಮಿ ಬೆಲೆ ಕುದುರಿಸಬೇಕು. ಸುತ್ತ ಎಷ್ಟು ಜನ ಬಾಯಿ ಬಿಟ್ಟುಕೊಂಡು ನಿಂತಿದ್ದರೂ ಒಳಗೆ ಏನು ಮಾತಾಯಿತೆಂಬುದು ಆ ಎರಡು ಕೈಗಳಿಗೆ ಮಾತ್ರ ಗೊತ್ತು. ಗೆಂಡೆಹಳ್ಳಿಯ ಮನೆಯ ಜಗುಲಿಯಲ್ಲಿ ಕೂತು ಕರಿಯಪ್ಪ ಪುಟ್ಟ ನಯನಾಳಿಗೆ ಇದನ್ನು ಆಟದಂತೆ ಹೇಳಿಕೊಡುತ್ತಿದ್ದ. "ಹೆಣ್ ಮಗೀಗೆ ದನದ ಯಾಪಾರ ಕಲಿಸ್ತಾ ಕೂತವ್ರೆ, ಬುದ್ಧಿ ಬ್ಯಾಡ್ವಾ" ಎಂದು ಅವಳ ಅವ್ವ ಅನುಸೂಯಮ್ಮ ಒಳಗಿನಿಂದ ರೇಗುತ್ತಿದ್ದಳು. ರೇಗುತ್ತಲೇ ಬಾಗಿಲಿಗೆ ಬಂದು ನಿಂತು ನೋಡುತ್ತಲೂ ಇದ್ದಳು.

ಆ ವಿದ್ಯೆ ಕೊನೆಗೆ ಕೆಲಸಕ್ಕೆ ಬಂದದ್ದು ಹೆಂಗಸರ ಸಭೆಗಳಲ್ಲಿ.

ನಯನಾ ಈಗ ಅರಸೀಕೆರೆಯಲ್ಲಿದ್ದಾಳೆ. ಮನೆಯಲ್ಲಿ ಪೆಟ್ಟು ತಿಂದ ಹೆಂಗಸರಿಗೆ ಆಸರೆ ಕೊಡುವ ಒಂದು ಸಣ್ಣ ಸಂಸ್ಥೆಯಲ್ಲಿ ಅವಳಿಗೆ ಕೆಲಸ. ಊರೂರಿಗೆ ಹೋಗಿ ಸ್ವಸಹಾಯ ಸಂಘದವರನ್ನು ಕೂಡಿಸಿ, ಕಾನೂನು ಏನು ಹೇಳುತ್ತದೆ, ಯಾವ ನಂಬರಿಗೆ ಫೋನ್ ಮಾಡಬೇಕು, ಆಧಾರ್ ಕಾರ್ಡು ಪಾಸ್‌ಬುಕ್ಕುಗಳನ್ನು ಮೊದಲೇ ನಂಬಿಕಸ್ತರ ಮನೆಯಲ್ಲಿ ಹೇಗೆ ಇಟ್ಟಿರಬೇಕು ಎಂದೆಲ್ಲ ತಿಳಿಸುವುದು. "ಒಂದೇ ಕಿವಿ ಮಂದ ಆಗಿದ್ರೆ ವಯಸ್ಸಾಯ್ತು ಅಂತ ಸುಮ್ಮನಾಗ್ಬೇಡಿ, ಯಾವ ಕಡೆಯಿಂದ ಏಟು ಬೀಳ್ತಿದೆ ಕೇಳಿ" ಎಂದೂ ಹೇಳುತ್ತಾಳೆ. ಹೆಂಗಸರು ತಲೆ ಆಡಿಸಿ ಕೇಳುತ್ತಾರೆ. ಕೊನೆಗೆ, "ನಮ್ಮನೇಲಿ ಅಂತಾದ್ದೇನಿಲ್ಲ ಕಣ್ರೀ" ಎಂದು ಎದ್ದು ಹೋಗುತ್ತಾರೆ. ಮತ್ತೇನು ಮಾಡಿಯಾರು? ಎಡಕ್ಕೆ ಅತ್ತೆ, ಬಲಕ್ಕೆ ನಾದಿನಿ ಕೂತಿರುವಾಗ ಯಾವ ಪುಣ್ಯಾತ್ಗಿತ್ತಿ ಬಾಯಿ ಬಿಡುತ್ತಾಳೆ!

ಬಿಕ್ಕೋಡಿನ ಎಸ್ಟೇಟ್ ಲೈನಿನಲ್ಲಿ, ಕೂಲಿಯವರ ಸಾಲುಮನೆಗಳ ನಡುವೆ, ಒಂದು ಸಭೆ ಹೀಗೇ ಪೋಲಾಗುವಂತಿದ್ದಾಗ ಅವಳಿಗೆ ಅಪ್ಪನ ಟವೆಲ್ಲು ನೆನಪಾಯಿತು. ಒಬ್ಬೊಬ್ಬರ ಪಕ್ಕ ಕೂತು, ತನ್ನ ಸೆರಗಿನ ಕೆಳಗೆ ಅವರ ಕೈ ಹಿಡಿದಳು. ಒಂದು ಬೆರಳು ಅದುಮಿದರೆ ಬೈಗುಳ. ಎರಡಾದರೆ ಕೈ ಮಾಡುತ್ತಾರೆ. ಇಡೀ ಹಸ್ತ ಹಿಡಿದು ಅದುಮಿದರೆ ಜೀವಕ್ಕೇ ಭಯ, ಇಲ್ಲಿಂದ ಕರೆದುಕೊಂಡು ಹೋಗಿ. ಎಲ್ಲರೂ ನಗುನಗುತ್ತಲೇ ಕೈ ಕೊಟ್ಟರು. ದೇವೀರಮ್ಮ ಎಂಬ ಕಾಫಿ ಕೊಯ್ಯುವ ಹೆಂಗಸು, ಎಲ್ಲರಿಗಿಂತ ಜೋರಾಗಿ ತಮಾಷೆ ಮಾಡುತ್ತಿದ್ದವಳು, ನಗುತ್ತಿದ್ದಂತೆಯೇ ಇಡೀ ಹಸ್ತ ಹಿಡಿದು ಬಿಡಲೇ ಇಲ್ಲ. ಅವತ್ತು ನಯನಾ ಅವಳನ್ನು ಜೊತೆಯಲ್ಲೇ ಜೀಪು ಹತ್ತಿಸಿಕೊಂಡು ಬಂದಳು. ಅಲ್ಲಿಂದ ಇದೇ ಅವಳ ಪದ್ಧತಿಯಾಯಿತು. ಹಸ್ತ ಅದುಮಿದವರಿಗೆ ನಾಳೆ ಬರುತ್ತೇನೆ ಅನ್ನಬಾರದು, ಹಿಡಿದ ಕೈ ಬಿಡಬಾರದು ಎಂಬುದು ಅವಳೇ ಮಾಡಿಕೊಂಡ ನಿಯಮ.

ಊರವರ ಕೈಯೆಲ್ಲ ಹಿಡಿಯುವ ನಯನಾಳ ಕೈ ಹಿಡಿಯುವವರು ಮಾತ್ರ ಯಾರೂ ಇರಲಿಲ್ಲ. ಅವಳೂ ಜಾವಗಲ್ಲಿನ ಗಂಡನ ಮನೆಯಿಂದ ಏಟು ತಿಂದು ಬಂದವಳೇ. ಅಪ್ಪ ಇದ್ದ ಕಾಲದಲ್ಲಿ ಬಂದಾಗಲೆಲ್ಲ ಅವ್ವ ಅರಿಶಿನ ಹಚ್ಚಿ, ಉಣ್ಣಲಿಕ್ಕಿ, ಮಡಿಲಕ್ಕಿ ತುಂಬಿ, "ಹೊಂದ್ಕೊಂಡ್ ಹೋಗವ್ವ" ಎಂದು ಅಲ್ಲಿಗೇ ವಾಪಸು ಕಳಿಸುತ್ತಿದ್ದಳು. ಕಡೆಯ ಸಲ ಅವಳು ತವರಿಗೆ ಬರದೆ ನೇರವಾಗಿ ಅರಸೀಕೆರೆಗೆ ಬಂದು ಕೇಸು ಹಾಕಿದಾಗ, ತಮ್ಮ ಉಮೇಶ ಫೋನಿನಲ್ಲಿ, "ಮಾನ ಕಳದ್ಬುಟ್ಟೆ. ಇನ್ನು ಈ ಹೊಸಿಲು ತುಳೀಬ್ಯಾಡ" ಎಂದ. ಅಪ್ಪ ತೀರಿಕೊಂಡು ಆಗಲೇ ವರ್ಷವಾಗಿತ್ತು. ಅವ್ವ ಒಂದು ಮಾತೂ ಆಡಲಿಲ್ಲ.

ಅವಳ ಕೋಣೆ ರೈಲು ಹಳಿಯ ಮಗ್ಗುಲಿಗಿದೆ. ರೈಲಿನ ಸದ್ದು ಅಭ್ಯಾಸವಾಯಿತು, ಒಬ್ಬಳೇ ಉಣ್ಣುವುದು ಆಗಲಿಲ್ಲ. ಒಬ್ಬರಿಗೆ ಅಂತ ಮುದ್ದೆ ತೊಳಸಿ ನೋಡಿ, ಅರ್ಧ ಹಿಟ್ಟು ಕೋಲಿಗೇ ಅಂಟಿಕೊಂಡಿರುತ್ತದೆ. ಗೌರಿ ಹಬ್ಬದಲ್ಲಿ ವಠಾರದ ಹೆಂಗಸರಿಗೆಲ್ಲ ತವರಿನಿಂದ ಬಾಗಿನ ಬರುವಾಗ ಅವಳು ಬೇಕೆಂದೇ ಕೆಲಸ ಹಾಕಿಕೊಂಡು ಯಾವುದೋ ಊರಿಗೆ ಹೋಗಿಬಿಡುತ್ತಿದ್ದಳು. ಯಾರಾದರೂ "ತವರು ಯಾವೂರು?" ಎಂದರೆ "ಬೇಲೂರು ಕಡೆ" ಎಂದು ಮಾತು ತಿರುಗಿಸುತ್ತಿದ್ದಳು. ಆ ಹೊಸಿಲನ್ನು ಇನ್ನೊಂದು ಸಲ ತುಳಿಯಬೇಕು ಎಂಬ ಆಸೆಯೊಂದು ಅವಳೊಳಗೆ ಸದಾ ಇತ್ತು.

ಹಾಗಿರುವಾಗ ಈ ಸಲ ಹಿರಿಯರ ಹಬ್ಬಕ್ಕೆ ಮುಂಚೆ ಉಮೇಶನ ಹೆಂಡತಿ ದಿವ್ಯಾಳ ಫೋನು ಬಂತು. "ಅತ್ತೆ ಮಾತಾಡ್ತಾರಂತೆ ಅತ್ತಿಗೆ" ಎಂದು ಕೊಟ್ಟಳು.

"ನಿಮ್ಮಪ್ಪಂಗೆ ಎಡೆ ಇಕ್ತೀವಿ, ಬಾ" ಅಂದಳು ಅನುಸೂಯಮ್ಮ.

"ಉಮೇಶ ಏನಂತಾನವ್ವ?"

"ಅವ್ನು ಹೂಂ ಅಂದವ್ನೆ. ನೀ ಬಾ."

ನಯನಾ ಫೋನಿಟ್ಟು ಅತ್ತಳು. ಅವ್ವನ ಸಿಟ್ಟು ಇಳಿಯಿತು, ನಾನು ನೆನಪಾದೆ ಎಂದುಕೊಂಡಳು. ಅವ್ವನಿಗೊಂದು ಸೀರೆ, ದಿವ್ಯಾಳಿಗೆ ಬಳೆ, ಅಪ್ಪನ ಎಡೆಗೆ ಬೀಡಿ ಕಟ್ಟು ತಗೊಂಡು ಬಸ್ಸು ಹತ್ತಿದಳು. ಜಾವಗಲ್ ದಾಟುವಾಗ ಎಂದಿನಂತೆ ಕಣ್ಣು ಮುಚ್ಚಿಕೊಂಡವಳು ಹಳೇಬೀಡು ಬಂದ ಮೇಲೆ ತೆರೆದಳು.

ಮನೆಯಲ್ಲಿ ಎಲ್ಲ ಸರಿಯಾಗಿಯೇ ನಡೆಯಿತು. ಅಪ್ಪನ ಫೋಟೋದ ಮುಂದೆ ಅವನ ಹಸಿರು ಟವೆಲ್ಲನ್ನು ಒಗೆದು ಮಡಿಸಿಟ್ಟಿದ್ದರು. ಉಮೇಶ ಮೊದಲು ಬಿಗುಮಾನದಿಂದಿದ್ದವನು ಊಟವಾದ ಮೇಲೆ ಸಡಿಲಾಗಿ, "ಸಣ್ಗಾಗಿದೀಯಲ್ಲಕ್ಕ" ಅಂದ. ಅಷ್ಟಕ್ಕೇ ಅವಳ ಎದೆ ತುಂಬಿ ಬಂತು.

ಆದರೂ ಕಸುಬು ಬಿಡಬೇಕಲ್ಲ. ಬಂದ ಗಳಿಗೆಯಿಂದ ಅವಳ ಕಣ್ಣು ದಿವ್ಯಾಳ ಮೇಲಿತ್ತು. ಗಂಡ ಕೆಮ್ಮಿದರೆ ಬೆಚ್ಚುತ್ತಾಳಾ? ತೋಳಿನ ಮೇಲೆ ಏನಾದರೂ ಕಲೆಯಿದೆಯಾ? ಮಧ್ಯಾಹ್ನ ಅಡುಗೆಮನೆಯಲ್ಲಿ ದಿವ್ಯಾ, "ನಿಮ್ ಕೆಲ್ಸ ಏನತ್ತಿಗೆ?" ಎಂದಾಗ, ಇದೇ ಸಮಯವೆಂದು ಸೆರಗಿನ ಕೆಳಗೆ ಕೈ ಹಿಡಿಯುವ ಲೆಕ್ಕವನ್ನೆಲ್ಲ ವಿವರಿಸಿ, "ಎಲ್ಲಿ, ನಿನ್ ಕೈ ಕೊಡು" ಅಂದಳು. ದಿವ್ಯಾ ನಾಚಿಕೊಂಡು ಒಂದೇ ಒಂದು ಬೆರಳು ಅದುಮಿದಳು. "ಬೈತಾರೆ. ನನ್ ಮೇಲೆ ಕೈ ಎತ್ತಲ್ಲ. ನಮ್ಮಣ್ಣಂದಿರು ಇಲ್ಲೇ ಊರಲ್ಲವ್ರಲ್ಲ" ಎಂದಳು. ನಯನಾ ನೆಮ್ಮದಿಯ ಉಸಿರು ಬಿಟ್ಟಳು.

ಮೂಲೆಯಲ್ಲಿ ಅವರೆಕಾಯಿ ಬಿಡಿಸುತ್ತ ಕೂತಿದ್ದ ಅನುಸೂಯಮ್ಮ ಇದನ್ನೆಲ್ಲ ನೋಡುತ್ತಿದ್ದಳು. ನಯನಾ ಏನೋ ಕೇಳಿದರೆ ಬಲಗಿವಿಯನ್ನು ಮುಂದೆ ತಂದು "ಆಂ?" ಅನ್ನುತ್ತಿದ್ದಳು. "ಎಡ್ಗಡೆ ಕೇಳಕ್ಕಿಲ್ಲ ಕಣೆ, ವಯಸ್ಸಾತಲ್ಲ" ಎಂದಳು. ಪಾಪ, ಎಂದುಕೊಂಡಳು ನಯನಾ. ಇನ್ನೂರು ಹೆಂಗಸರ ಎದುರು ನಿಂತು ಕಿವಿಯ ವಿಷಯ ಪಾಠ ಹೇಳುವವಳಿಗೆ ತನ್ನ ಅವ್ವನ ಕಿವಿ ಬರೀ ಕಿವಿಯಾಗಿ ಕಂಡಿತು. ಅವ್ವನ ಕೈ ಹಿಡಿದು ನೋಡಬೇಕೆಂದು ಹೊಳೆಯಲೇ ಇಲ್ಲ. ಸೊಸೆಯನ್ನು ಕೇಳುತ್ತಾರೆ, ಮಗಳನ್ನು ಕೇಳುತ್ತಾರೆ, ಮಗನ ಮನೆಯಲ್ಲಿರುವ ಮುದುಕಿಯನ್ನು ಯಾರು ಕೇಳುತ್ತಾರೆ!

ಮಾರನೆಯ ಬೆಳಿಗ್ಗೆ ಹೊರಡುವ ಹೊತ್ತು. ಬಸ್‌ಸ್ಟಾಪಿಗೆ ಬಿಡಲು ಉಮೇಶ ಬೈಕು ತೆಗೆದು ಅಂಗಳದಲ್ಲಿ ನಿಲ್ಲಿಸಿದ್ದ. "ಇನ್ಮೇಲೆ ಹಬ್ಬ ಹರಿದಿನಕ್ಕೆ ಬತ್ತಾ ಇರಕ್ಕ. ಗೌರಿಗೆ ಬಾಗಿನಾನೂ ಕಳಿಸ್ತೀನಿ" ಅಂದ. ಆ ಮಾತಿಗಾಗಿ ಅವಳು ಎಷ್ಟು ಹಂಬಲಿಸಿದ್ದಳೆಂದು ಅವನಿಗೇನು ಗೊತ್ತು.

ದಿವ್ಯಾ ಮೊರದಲ್ಲಿ ಅಕ್ಕಿ, ಬೆಲ್ಲ, ತೆಂಗಿನಕಾಯಿ, ರವಿಕೆ ಕಣ ಇಟ್ಟುಕೊಂಡು ಬಂದಳು. ನಯನಾ ಸೆರಗು ಹಿಡಿದು ನಿಂತಳು. ಆಗ ಅನುಸೂಯಮ್ಮ ಮುಂದೆ ಬಂದು ಸೊಸೆಯ ಕೈಯಿಂದ ಮೊರ ತಗೊಂಡಳು.

"ಅತ್ತೆ, ನೀವಾ?" ಎಂದಳು ದಿವ್ಯಾ.

"ಅವ್ವ, ಶಾಸ್ತ್ರ ಗೊತ್ತಿಲ್ವಾ ನಿಂಗೆ? ಮುತ್ತೈದೆ ತುಂಬ್ಬೇಕು ಮಡ್ಲಕ್ಕೀನ. ದಿವ್ಯಾ ತುಂಬ್ತಾಳೆ ಬುಡು" ಎಂದ ಉಮೇಶ.

"ನನ್ ಮಗ್ಳಿಗೆ ನಾನೇ ತುಂಬ್ತೀನಿ" ಅಂದಳು ಅನುಸೂಯಮ್ಮ. ಗಂಡ ಸತ್ತ ಹೆಂಗಸು ಮಡಿಲು ತುಂಬುವುದು ಆ ಮನೆಯಲ್ಲಿ ಎಂದೂ ನಡೆದದ್ದಲ್ಲ. ನಯನಾಳ ಕಣ್ಣು ತುಂಬಿ ಬಂತು. ಶಾಸ್ತ್ರವನ್ನೂ ಮೀರಿ ಅವ್ವ ಪ್ರೀತಿ ತೋರಿಸುತ್ತಿದ್ದಾಳಲ್ಲ ಎಂದು.

ಅವ್ವ ಬೊಗಸೆಯಲ್ಲಿ ಅಕ್ಕಿ ಹಾಕಿದಳು. ಮತ್ತೆ ಹಾಕಿದಳು. ಆಮೇಲೆ ಹೋದ ಕೈ ಹೊರಗೆ ಬರಲಿಲ್ಲ. ಸೆರಗಿನೊಳಗೆ, ಅಕ್ಕಿಯ ನಡುವೆ, ಅದು ನಯನಾಳ ಕೈಯನ್ನು ಹುಡುಕಿ ಒಂದು ಬೆರಳು ಅದುಮಿತು. ಎರಡು ಅದುಮಿತು. ಆಮೇಲೆ ಇಡೀ ಹಸ್ತವನ್ನು ಹಿಡಿದುಕೊಂಡಿತು.

ನಯನಾ ಗಾಬರಿಯಿಂದ ದಿವ್ಯಾಳತ್ತ ನೋಡಿದಳು. ಈ ಹುಡುಗಿ ಸುಳ್ಳು ಹೇಳಿತೇ? ಅನುಸೂಯಮ್ಮ ತಲೆಯನ್ನು ಒಂಚೂರು ಅಲ್ಲಾಡಿಸಿ, ಮಗಳ ಕೈಯನ್ನು ಎಳೆದು ತನ್ನ ಹೊಟ್ಟೆಗೆ ಒತ್ತಿಕೊಂಡಳು. ಮುಖದಲ್ಲಿ ಏನೂ ಇರಲಿಲ್ಲ. ಆ ಎಡಗಿವಿ, ಉಮೇಶನ ಬಲಗೈ, ಎಲ್ಲ ಒಂದೇ ಸಲಕ್ಕೆ ನಯನಾಳಿಗೆ ಅರ್ಥವಾಯಿತು. ಹಬ್ಬಕ್ಕೆ ಬಾ ಅಂದದ್ದು ಯಾಕೆಂದೂ ಅರ್ಥವಾಯಿತು.

ಇಲ್ಲಿ ಒಂದು ನಿಜ ಹೇಳಬೇಕು. ಕಂಡವರ ಊರಲ್ಲಿ ಧೈರ್ಯ ಸುಲಭ. ನಯನಾ ಆ ಗಳಿಗೆಯಲ್ಲಿ ಕೈ ಬಿಡಿಸಿಕೊಳ್ಳಬೇಕೆಂದುಕೊಂಡಳು. ಈಗ ಹೋಗಿ, ಮುಂದಿನ ವಾರ ಸಂಸ್ಥೆಯವರನ್ನು ಕಳಿಸಿದರಾಯಿತು. ಬಾಗಿನ ಕಳಿಸುತ್ತೇನೆ ಅಂದಿದ್ದಾನೆ. ಈಗಷ್ಟೇ ತೆರೆದ ಬಾಗಿಲು. ನಾನೂ ಒಂದು ಮನೆಯ ಮಗಳು ಅನ್ನಿಸಿಕೊಂಡು ಒಂದು ದಿನವೂ ತುಂಬಿಲ್ಲ. ಅಂಗಳದಲ್ಲಿ ಬೈಕು ಗುಡುಗುಡು ಅನ್ನುತ್ತಿತ್ತು.

ಅವ್ವನ ಹಿಡಿತ ಸಡಿಲಾಗತೊಡಗಿತು. ಮಗಳಿಗೆ ಆಗುವುದಿಲ್ಲವೇನೋ ಎಂದು ಅವಳೇ ಬಿಡುತ್ತಿದ್ದಳು. ನಯನಾ ಆ ಕೈಯನ್ನು ತಾನೇ ಗಟ್ಟಿಯಾಗಿ ಹಿಡಿದುಕೊಂಡಳು.

"ಅವ್ವ, ಸೆರಗು ಹಿಡಿ" ಎಂದಳು.

ಅನುಸೂಯಮ್ಮ ಕಕ್ಕಾಬಿಕ್ಕಿಯಾಗಿ ಸೆರಗು ಒಡ್ಡಿದಳು. ನಯನಾ ತನ್ನ ಮಡಿಲಿನ ಅಕ್ಕಿ, ಬೆಲ್ಲ, ಕಾಯಿ ಎಲ್ಲವನ್ನೂ ಅದಕ್ಕೆ ಸುರಿದಳು.

"ಏನಕ್ಕ ಇದು! ಗಂಡ ಇಲ್ದೋಳ್ಗೆ ಮಡ್ಲು ತುಂಬ್ತಾರಾ?" ಎಂದು ಉಮೇಶ ಬೈಕಿನಿಂದ ಇಳಿದು ಬಂದ.

"ಮನೆ ಬಿಟ್ಟು ಹೊರಡೋರಿಗೆ ತುಂಬ್ತಾರೆ. ಅವ್ವ ನನ್ ಜೊತೆ ಬತ್ತಾಳೆ."

"ಯಾಕೆ? ಏನ್ ಕಮ್ಮಿ ಆಗೈತೆ ಇಲ್ಲಿ ಅವ್ಳಿಗೆ?"

"ಜೋರಾಗಿ ಹೇಳ್ಲಾ ಉಮೇಶ? ಬೀದಿಗೆಲ್ಲ ಕೇಳೋ ಹಂಗೆ ಹೇಳ್ಲಾ?"

ಉಮೇಶನ ಬಲಗೈ ಮೇಲಕ್ಕೆ ಹೋಯಿತು. ಅನುಸೂಯಮ್ಮ ಪಟ್ಟನೆ ಎಡಗಿವಿ ಮುಚ್ಚಿಕೊಂಡಳು. ಅದನ್ನು ಎಲ್ಲರೂ ನೋಡಿದರು, ಉಮೇಶನೂ ನೋಡಿದ. ಕೈ ಇಳಿಸಿದ. "ಹೋಗಿ. ಇಬ್ರೂ ಹೋಗಿ. ಈ ಕಡೆ ತಲೆ ಹಾಕಿದ್ರೆ ನೋಡಿ" ಎಂದು ಮುಖ ತಿರುಗಿಸಿದ. ಬಾಗಿನದ ಮಾತು ಅಲ್ಲಿಗೆ ಮುಗಿಯಿತು. ದಿವ್ಯಾ ಒಳಗೆ ಹೋಗಿ ಅತ್ತೆಯ ಚಪ್ಪಲಿ ತಂದು ಹೊಸಿಲಿನಾಚೆ ಇಟ್ಟಳು.

ಆಟೋದಲ್ಲಿ ಬೇಲೂರಿಗೆ ಬಂದು ಇಬ್ಬರೂ ಅರಸೀಕೆರೆ ಬಸ್ಸು ಹತ್ತಿದರು. ನಯನಾ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಅವ್ವ ಪಕ್ಕದಲ್ಲಿದ್ದರೂ, ಇನ್ನು ತಿರುಗಿ ನೋಡಲು ಒಂದು ಊರಿಲ್ಲ ಅನ್ನಿಸುತ್ತಿತ್ತು. ಅವ್ವನಿಗೆ ಕೇಳಿಸುವ ಕಿವಿ ತನ್ನ ಕಡೆಗಿರಲೆಂದು ಎಡಬದಿಗೆ ಕೂರಿಸಿಕೊಂಡಿದ್ದಳು.

"ನಿನ್ ಮಡ್ಲಕ್ಕಿ ನಂಗ್ ಸುರುದ್ಬುಟ್ಟೆ" ಎಂದಳು ಅನುಸೂಯಮ್ಮ. "ಅವಾಗ ನೀ ಬಂದಾಗೆಲ್ಲ ನಾನು ಬರೀ ಅಕ್ಕಿ ತುಂಬ್ದೆ. ನಿನ್ ಕೈ ಹಿಡ್ದು ನೋಡ್ಲಿಲ್ಲ."

"ನಾನೂ ನಿನ್ನೆ ನೋಡ್ಲಿಲ್ಲ ಕಣವ್ವ."

ಕಂಡಕ್ಟರು ಬಂದ. ಹೆಂಗಸರಿಗೆ ಬಸ್ಸು ಫ್ರೀ, ಆಧಾರ್ ತೋರಿಸಬೇಕು. ನಯನಾ ತನ್ನದನ್ನು ತೋರಿಸಿದಳು. ಅವ್ವನ ಆಧಾರ್ ಉಮೇಶನ ಬೀರುವಿನಲ್ಲಿತ್ತು. ಕಾಗದಪತ್ರ ಬೇರೆ ಮನೆಯಲ್ಲಿಡಿ ಎಂದು ಊರೂರಿಗೆ ಸಾರಿ ಬಂದವಳ ಅವ್ವನ ಹತ್ತಿರ ಮಡಿಲಲ್ಲಿ ಅಕ್ಕಿ ಬಿಟ್ಟರೆ ಇನ್ನೇನೂ ಇರಲಿಲ್ಲ.

"ಹಂಗಾದ್ರೆ ಟಿಕೆಟ್ ತಗೋಬೇಕಜ್ಜಿ. ಎಲ್ಲಿಗೆ?" ಎಂದ ಕಂಡಕ್ಟರು.

ನಯನಾ ಬಾಯಿ ತೆರೆಯುವ ಮೊದಲೇ ಅನುಸೂಯಮ್ಮ, "ತವರಿಗೆ ಕಣಪ್ಪ" ಎಂದಳು.

"ಊರ ಹೆಸರು ಹೇಳಜ್ಜಿ."

ಅನುಸೂಯಮ್ಮ ಮಗಳ ಮುಖ ನೋಡಿದಳು. ನಯನಾ ದುಡ್ಡು ಕೊಟ್ಟು, "ಅರಸೀಕೆರೆ" ಅಂದಳು.