ತೊಳೆಯದ ಪಾದ

ಸೋಮವಾರ ಮಧ್ಯಾಹ್ನ ಅಕ್ಕಿ ಗಿರಣಿಯ ಓಡುವ ಪಟ್ಟಾ ಹಂಪವ್ವನ ಸೆರಗನ್ನು ಎಳೆದುಕೊಂಡು ಅವಳ ಕುತ್ತಿಗೆ ಮುರಿಯಿತು. ಪಟ್ಟಾಕ್ಕೆ ಕಾಪಿನ ಜಾಲರಿ ಇರಲಿಲ್ಲ. ಗಿರಣಿಯವರು ಕುಡುಗೋಲಿನಿಂದ ಸೆರಗು ಕೊಯ್ದು, ತೌಡು ಸಾಗಿಸುವ ಟ್ರ್ಯಾಕ್ಟರಿನಲ್ಲಿ ಹೆಣವನ್ನು ತಂದು, ಅವಳ ಮನೆಯ ಮೆಟ್ಟಿಲ ಬುಡದಲ್ಲಿ ಮಲಗಿಸಿ ಹೋದರು. ಸಂಜೆ ಗಿರಣಿಯ ಗುಮಾಸ್ತ ಈಶಪ್ಪ ಬಂದು, ಹಂಪವ್ವ ಮೆಟ್ಟಿಲಿನಿಂದ ಜಾರಿ ಬಿದ್ದು ಸತ್ತಳೆಂಬ ಕಾಗದಕ್ಕೆ ಅವಳ ಗಂಡ ಪಂಪಣ್ಣನ ಹೆಬ್ಬೆಟ್ಟು ಒತ್ತಿಸಿಕೊಂಡ. ಆ ಮನೆಗೆ ಇದ್ದದ್ದು ಮೂರು ಮೆಟ್ಟಿಲು.

ಮಂಗಳವಾರ ಬೆಳಿಗ್ಗೆ ಹೆಣವನ್ನು ಗೋಡೆಗೆ ಒರಗಿಸಿ ಕೂರಿಸಲು ಇಬ್ಬರು ಹೆಂಗಸರು ಒದ್ದಾಡುತ್ತಿದ್ದರು. ಹಣೆಗೆ ಬಟ್ಟೆ ಬಿಗಿದು ಗೂಟಕ್ಕೆ ಕಟ್ಟಿದರೂ ತಲೆ ನಿಲ್ಲಲಿಲ್ಲ. ಒಂದು ಬದಿಗೆ ಹೊರಳಿ ಭುಜದ ಮೇಲೆ ಬೀಳುತ್ತಿತ್ತು. ಕೊನೆಗೆ ಕಟ್ಟು ಬಿಚ್ಚಿ ಚಾಪೆಯ ಮೇಲೆ ಮಲಗಿಸಿದರು.

"ಮೂರು ಮೆಟ್ಟಲ ಬಿದ್ರ ಹಿಂಗ ಮುರಿತೈತೇನ?" ಎಂದಳು ಪಕ್ಕದ ಮನೆಯ ಉಡಚಮ್ಮ. ಮಾತು ಬಾಯಿಂದ ಹೊರಬಿದ್ದ ಮೇಲೆ ಈಶಪ್ಪ ಕಟ್ಟೆಯ ಮೇಲೆ ಕೂತಿರುವುದು ನೆನಪಾಗಿ, ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಸರಿದಳು.

ಹಂಪವ್ವನ ತಾಯಿ ಮಾರೆವ್ವ ಬೇವೂರಿನಿಂದ ಮೊದಲ ಬಸ್ಸಿಗೆ ಬಂದಳು. ಕಂಕುಳಲ್ಲಿ ಬಟ್ಟೆಯ ಗಂಟಿತ್ತು. ಗಂಟಿನಲ್ಲಿ ಹಸಿರು ಇಳಕಲ್ ಸೀರೆ. ಮುತ್ತೈದೆ ಸತ್ತರೆ ಮೈಮೇಲಿನ ಕೊನೆಯ ಸೀರೆ ತವರಿನದೇ ಆಗಬೇಕು. ಮಗಳು ಪಂಚಮಿಗೆ ಬಂದಾಗ ಉಡಿಸಲೆಂದು ಮಾರೆವ್ವ ಅದನ್ನು ಪೆಟ್ಟಿಗೆಯಲ್ಲಿ ತೆಗೆದಿಟ್ಟು ಎರಡು ವರ್ಷವಾಗಿತ್ತು. ಎರಡೂ ಪಂಚಮಿಗೆ ಗಿರಣಿ ರಜೆ ಕೊಟ್ಟಿರಲಿಲ್ಲ.

ಅಳು ಮುಗಿದ ಮೇಲೆ ಅವಳ ಕಣ್ಣಿಗೆ ಅರಿಷಿಣ ಕುಂಕುಮದ ತಟ್ಟೆ ಬಿತ್ತು. ಅದರ ಮೇಲೆ ಆಗಲೇ ಒಂದು ಸೀರೆಯಿತ್ತು. ಕೆಂಪನೆಯದು, ಮಿರಿಮಿರಿ ಮಿಂಚುತ್ತಿತ್ತು.

"ಇದು ಯಾರ ಸೀರಿ?"

"ಗಿರಣಿ ಸಾವ್ಕಾರ್ರು ಕಳಿಸ್ಯಾರ ಯಮ್ಮಾ," ಎಂದ ಈಶಪ್ಪ.

"ಸಾವ್ಕಾರ ಯಾವಾಗಿಂದ ಅಕಿಗೆ ತವರಾದ?"

ಯಾರೋ ಮೂಗಿನಲ್ಲೇ ನಕ್ಕರು. ಈಶಪ್ಪ ಎದ್ದು ಬಂದು, ಹೊಸ್ತಿಲಾಚೆಯಿಂದಲೇ ಕೈ ಚಾಚಿ ಕೆಂಪು ಸೀರೆಯನ್ನು ಎತ್ತಿಕೊಂಡ. ತವರಿನದೇ ಆಗಲಿ, ಉಡಿಸುವುದು ಬೇಗ ಆಗಲಿ, ಮಧ್ಯಾಹ್ನದೊಳಗೆ ಮಣ್ಣಾಗಬೇಕು ಎಂದು ಪಂಪಣ್ಣನ ಅಣ್ಣ ಹೊಳಿಯಪ್ಪನಿಗೆ ಹೇಳಿದ. ಮೈಮೇಲಿನ ಹರಕು ಸೀರೆಯನ್ನು ತನ್ನ ಕೈಗೆ ಕೊಡಬೇಕು, ಹೊಳೆಗೆ ಬಿಡುವ ಕೆಲಸ ತನ್ನದು ಎಂದೂ ಸೇರಿಸಿದ. ಗುಮಾಸ್ತನೊಬ್ಬ ಹೆಣದ ಹರಕು ಸೀರೆ ಕೇಳುವುದನ್ನು ಆ ಓಣಿ ಹಿಂದೆ ಕಂಡಿರಲಿಲ್ಲ. ಅಂಗಳದ ಒಲೆಯ ಮೇಲೆ ಹಂಡೆಯ ನೀರು ಮರಳುತ್ತಿತ್ತು.

ಮೊದಲ ತಂಬಿಗೆ ಹೆತ್ತವಳದು. ಹೊಳಿಯಪ್ಪ ತಂಬಿಗೆ ತುಂಬಿ ಮಾರೆವ್ವನ ಕೈಗಿಟ್ಟ.

ಅಷ್ಟು ಹೊತ್ತೂ ಹೆಣದ ಕಾಲ ಬಳಿ ಕೂತಿದ್ದ ಹಂಪವ್ವನ ಗೆಳತಿ ಬಾಷಾಬಿ ಕೈ ಅಡ್ಡ ಹಿಡಿದಳು.

"ಯವ್ವಾ, ತೊಳಿಬ್ಯಾಡ್ರಿ. ಅರ್ಜಿ ಬರಿಯೋ ಮುರ್ತುಜಾಸಾಬ್ರು ಗಂಗಾವತಿ ಪೊಲೀಸ್ ಠಾಣೆಗೆ ಹೋಗ್ಯಾರ. ಫೌಜದಾರನ್ನ ಕರಕೊಂಡ ಬರೂತನಾ ಹನಿ ನೀರು ಬೀಳಬಾರದು ಅಂದಾರ."

* * *

ಮೂರು ವರ್ಷದ ಹಿಂದೆ ಬಾಷಾಬಿಯ ಗಂಡ ಅಲ್ಲಾಸಾಬ ಅದೇ ಗಿರಣಿಯಲ್ಲಿ ಎತ್ತರಕ್ಕೆ ಒಟ್ಟಿದ ಚೀಲದ ಥಪ್ಪಿ ಮೈಮೇಲೆ ಕುಸಿದು ಸತ್ತಿದ್ದ. ಅವನ ಬೆನ್ನ ಮೇಲೆ ಗೋಣಿಯ ನೂಲು ಅಚ್ಚು ಒತ್ತಿದ ಹಾಗೆ ಮೂಡಿತ್ತು, ಕಿವಿಯಲ್ಲಿ ತೌಡು ತುಂಬಿತ್ತು. ಮುರ್ತುಜಾಸಾಬ ಗಂಗಾವತಿಯ ಕೋರ್ಟಿನ ಮುಂದಿನ ಬೇವಿನ ಮರದಡಿ ಇಪ್ಪತ್ತು ವರ್ಷದಿಂದ ಅರ್ಜಿ ಬರೆಯುವವನು. ಅಲ್ಲಾಸಾಬನ ಮಯ್ಯತ್ತಿಗೆ ಬಂದವನು ತಾನೇ ನೀರು ಹಾಕಿದ. ಕಿವಿಯಲ್ಲಿದ್ದ ತೌಡನ್ನು ತನ್ನ ಬೆರಳಿನಿಂದಲೇ ತೆಗೆದ. ಸತ್ತವನನ್ನು ಚೊಕ್ಕಟವಾಗಿ ಕಳಿಸಬೇಕೆಂಬುದು ಅವನ ಆಸೆ. ಮಧ್ಯಾಹ್ನದ ನಮಾಜಿನ ಹೊತ್ತಿಗೆ ಎಲ್ಲ ಮುಗಿಯಿತು.

ಆಮೇಲೆ ಬಾಷಾಬಿಯ ಪರಿಹಾರದ ಅರ್ಜಿಯನ್ನೂ ಅವನೇ ಬರೆದ. ಗಿರಣಿಯ ವಕೀಲ, ಅಲ್ಲಾಸಾಬ ಜ್ವರದಿಂದ ಸತ್ತನೆಂದ. ಪಂಚನಾಮೆ ಇಲ್ಲ, ಡಾಕ್ಟರು ನೋಡಿಲ್ಲ, ಗುರುತು ಇಲ್ಲ. ಸಾಕ್ಷಿಗೆ ಹಮಾಲರು ಯಾರೂ ಬರಲಿಲ್ಲ. ಬಂದವಳು ಹಂಪವ್ವ ಒಬ್ಬಳೇ. ಒಂದು ದಿನದ ಕೆಲಸ ಬಿಟ್ಟು, ಬುತ್ತಿ ಕಟ್ಟಿಕೊಂಡು, ಬಾಷಾಬಿಯ ಜೊತೆ ಗಂಗಾವತಿಯ ಕಾರ್ಮಿಕ ಆಫೀಸಿನ ವರಾಂಡದಲ್ಲಿ ಸಂಜೆಯ ತನಕ ಕಾದಳು.

ಈ ಹೆಂಗಸು ಯಾರು, ನಮ್ಮ ಹಾಜರಿ ಪುಸ್ತಕದಲ್ಲೇ ಇಲ್ಲವಲ್ಲ ಎಂದು ವಕೀಲ ಕೇಳಿದ. ಸುಳ್ಳಲ್ಲ. ಪುಸ್ತಕದಲ್ಲಿ ಗಂಡಸರ ಹೆಸರುಗಳಷ್ಟೇ ಇದ್ದವು. ಭತ್ತ ಒಣಗಿಸುವ ಕಣದ ಹೆಂಗಸರನ್ನು ಗೇಟಿನಲ್ಲಿ ತಲೆ ಎಣಿಸಿ, ದನ ಬಿಟ್ಟ ಹಾಗೆ ಒಳಗೆ ಬಿಡುತ್ತಿದ್ದರು.

"ಪುಸ್ತಕದಾಗ ಇಲ್ರಿ. ಕಣದಾಗ ಅದೀನಿ," ಎಂದಳು ಹಂಪವ್ವ.

ಹೇಳಿದ್ದಷ್ಟೇ ಅಲ್ಲ, ಬಾಗಿಲ ಚೌಕಟ್ಟು ಹಿಡಿದು ಒಂದು ಕಾಲನ್ನೆತ್ತಿ ವಿಚಾರಣೆ ನಡೆಸುತ್ತಿದ್ದ ಸಾಹೇಬನಿಗೆ ಅಂಗಾಲು ತೋರಿಸಿದಳು. ಕುದಿಸಿದ ಭತ್ತವನ್ನು ಗಚ್ಚಿನ ಮೇಲೆ ಹರವಿ, ಹಬೆಯಾಡುವಾಗಲೇ ಬರಿಗಾಲಲ್ಲಿ ಎಳೆಎಳೆಯಾಗಿ ಸಾಲು ಬಿಡಿಸಬೇಕು. ತಾಸಿಗೊಮ್ಮೆ, ಬಿಸಿಲಿಳಿಯುವ ತನಕ. ಹನ್ನೊಂದು ವರ್ಷ ಹಾಗೆ ನಡೆದ ಕಾಲು ಅದು. ಹಿಮ್ಮಡಿಯ ಬಿರುಕಿನೊಳಗೆ ಹೊಟ್ಟು ಹೊಕ್ಕು, ಚರ್ಮ ಅದರ ಮೇಲೆಯೇ ಕೂಡಿಕೊಂಡಿತ್ತು. ಸಾಹೇಬ ಮುಖ ತಿರುಗಿಸಿದ. ಕಾಲು ದಾಖಲೆಯಲ್ಲ ಎಂದ. ಅರ್ಜಿ ಬಿದ್ದುಹೋಯಿತು.

ಮರುದಿನ ಗೇಟಿನಲ್ಲಿ ಹಂಪವ್ವನ ತಲೆಯನ್ನು ಎಣಿಸದೆ ಬಿಟ್ಟರು. ಇಪ್ಪತ್ತು ದಿನ ಹೊರಗೇ ನಿಂತಳು. ಸುಗ್ಗಿ ಬಂದು ಆಳು ಸಾಲದಾದಾಗ ಅವರೇ ಒಳಗೆ ಕರೆದರು.

ಅರ್ಜಿ ಬಿದ್ದುಹೋದ ಸಂಜೆ ಬಸ್ಸಿಗೆ ಕಾಯುವಾಗ ಮುರ್ತುಜಾಸಾಬ ತನ್ನ ಕೈಗಳನ್ನೇ ನೋಡಿಕೊಳ್ಳುತ್ತ, ನಿನ್ನ ಗಂಡನ ಸಾವಿನ ಸಾಕ್ಷಿಯನ್ನೆಲ್ಲ ನಾನೇ ತೊಳೆದು ಹಾಕಿದೆನಮ್ಮಾ ಎಂದು ಬಾಷಾಬಿಗೆ ಹೇಳಿದ್ದ. ಬಾಷಾಬಿ ಅಳುತ್ತಿದ್ದಳು. ಹಂಪವ್ವ ಅವಳನ್ನು ಮೊಣಕೈಯಿಂದ ತಿವಿದಳು.

"ನಾ ಸತ್ರ ನನ್ನ ತೊಳಿಬ್ಯಾಡ್ರೆವಾ. ಈ ಕಾಲು ನೋಡಿ ಅವರಪ್ಪನೂ ಇಲ್ಲ ಅನ್ನಂಗಿಲ್ಲ."

ಬಾಷಾಬಿಗೆ ಅಳುವಿನ ನಡುವೆಯೇ ನಗು ಬಂದಿತ್ತು.

* * *

ಬಾಷಾಬಿ ಅದನ್ನೆಲ್ಲ ಮಾರೆವ್ವನಿಗೆ ಹೇಳಿ ಮುಗಿಸಿದಳು. ನಸುಕಿನಲ್ಲಿ ಮುರ್ತುಜಾಸಾಬ ಬರೆದ ಫಿರ್ಯಾದಿಗೆ ತಾನೇ ಹೆಬ್ಬೆಟ್ಟು ಒತ್ತಿದ್ದನ್ನೂ ಹೇಳಿದಳು. ಫಿರ್ಯಾದಿ ಯಾರು ಬೇಕಾದರೂ ಕೊಡಬಹುದು. ಆದರೆ ಹೆಣ ಮನೆಯವರ ಕೈಯಲ್ಲಿದೆ, ಅವರು ಹೂಳಿಬಿಟ್ಟರೆ ಕಾಗದ ಬರೀ ಕಾಗದ. ಸೆರಗಿನ ಒಂದು ತುಂಡು ಇಲ್ಲಿದೆ, ಉಳಿದದ್ದು ಇನ್ನೂ ಗಿರಣಿಯ ಪಟ್ಟಾದ ಗಾಲಿಗೆ ಸುತ್ತಿಕೊಂಡೇ ಇರಬೇಕು. ಎರಡನ್ನೂ ಕೂಡಿಸಿ ನೋಡಿದರೆ ಅವಳು ಎಲ್ಲಿ ಸತ್ತಳೆಂದು ಕುರುಡನೂ ಹೇಳುತ್ತಾನೆ.

ಈಶಪ್ಪ ದನಿ ಏರಿಸಲಿಲ್ಲ. ಗಂಡನೇ ಬರೆದುಕೊಟ್ಟ ಮೇಲೆ ಮುಗಿಯಿತು, ಪರರ ಮಾತಿಗೆ ಮುತ್ತೈದೆಯ ಹೆಣವನ್ನು ಮೈಲಿಗೆಯಲ್ಲಿ ಕೆಡವುವುದು ಯಾವ ಧರ್ಮ ಎಂದ. ಪಂಪಣ್ಣ ಮೂಲೆಯಲ್ಲಿ ಕೂತು ಮಸಿ ಹತ್ತಿದ ಹೆಬ್ಬೆಟ್ಟನ್ನು ಗೋಡೆಗೆ ತಿಕ್ಕುತ್ತಿದ್ದ. ಸುಣ್ಣ ಉದುರುತ್ತಿತ್ತು, ಮಸಿ ಹೋಗುತ್ತಿರಲಿಲ್ಲ.

"ಅತ್ತೀ," ಎಂದ ಹೊಳಿಯಪ್ಪ, ಮಾರೆವ್ವನ ಮುಂದೆ ಕುಕ್ಕುರುಗಾಲಲ್ಲಿ ಕೂತು. "ನನ್ನ ಇಬ್ಬರೂ ಮಕ್ಕಳು ಅಲ್ಲೇ ಚೀಲಾ ಹೊರತಾವ. ನಾಳಿ ಗೇಟ್ ಮುಚ್ಚಿದ್ರ ನನ್ನ ಮನ್ಯಾಗ ಒಲಿ ಹತ್ತಂಗಿಲ್ಲ. ಹೋದಾಕಿ ಹೋದ್ಲು. ನೀರ ಹಾಕು."

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ತೊಳೆಯದೆ ಕಳಿಸಿದರೆ ಸತ್ತವರು ನೀರಡಿಸಿ ಅಲೆಯುತ್ತಾರೆಂದು ಮಾರೆವ್ವನಿಗೆ ಅವಳ ತಾಯಿ ಹೇಳಿದ್ದಳು, ಆ ತಾಯಿಗೆ ಅವಳ ತಾಯಿ. ಇದೇ ಮೈಯನ್ನು ಹುಟ್ಟಿದ ದಿನ ಮಾರೆವ್ವ ತೊಡೆಯ ಮೇಲೆ ಹಾಕಿಕೊಂಡು ಬೆಚ್ಚನೆಯ ನೀರು ಎರೆದಿದ್ದಳು. ಆಗ ಈ ಪಾದ ಅವಳ ಹೆಬ್ಬೆರಳಿನಷ್ಟು ಇತ್ತು. ಎಣ್ಣೆ ಹಚ್ಚಿದರೆ ಕೈಯಿಂದ ಜಾರುತ್ತಿತ್ತು.

ತಂಬಿಗೆ ಹಿಡಿದು ಮಾರೆವ್ವ ಮಗಳ ಕಾಲ ಬಳಿ ಬಗ್ಗಿದಳು. ಈಶಪ್ಪ ಕಟ್ಟೆಗೆ ಒರಗಿ ಉಸಿರು ಬಿಟ್ಟ. ಅವಳು ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದು ಹೆಬ್ಬೆರಳಿನಿಂದ ಬಿರುಕು ಸವರಿದಳು. ಹೊಟ್ಟು ಚುಚ್ಚಿತು. ಪಂಚಮಿಗೆ ಬಾರದ ಎರಡು ವರ್ಷವೂ ಅಲ್ಲಿಯೇ ಇತ್ತು.

ಎದ್ದಳು. ಅಂಗಳಕ್ಕೆ ಇಳಿದು ತಂಬಿಗೆಯ ನೀರನ್ನು ಒಲೆಗೆ ಸುರಿದಳು. ಬೆಂಕಿ ಚುಂಯ್ ಎಂದು ಸತ್ತು, ಬೂದಿ ಎದ್ದು ಈಶಪ್ಪನ ಬಿಳಿ ಧೋತರದ ಮೇಲೆ ಕೂತಿತು.

"ಏನ್ ಮಾಡಿದಿ ಅತ್ತೀ," ಎಂದ ಹೊಳಿಯಪ್ಪ.

ಅವಳು ಒಳಗೆ ಬಂದು ಹಸಿರು ಸೀರೆಯನ್ನು ಮಡಿಸಿ ಗಂಟಿಗೆ ಹಾಕಿ ಕಟ್ಟಿದಳು. "ಇದನ್ನ ಉಡಸ್ತೀನಿ. ಫೌಜದಾರ ಬಂದು ನೋಡಿ ಬರಕೊಂಡ ಮ್ಯಾಲ. ಇವತ್ತ ಬರಲಿಲ್ಲಂದ್ರ ನಾಳಿ."

"ನಾಳಿಗೆ ಹೆಣ ನಾರತೈತಿ ಯಮ್ಮಾ," ಎಂದ ಈಶಪ್ಪ.

"ನಾರಲಿ. ಗಿರಣಿತನಾ ನಾರಲಿ."

ಈಶಪ್ಪ ಮೊದಲ ಸಲ ಹೊಸ್ತಿಲು ದಾಟಿದ. ಆ ಹರಕು ಸೀರೆಯನ್ನಾದರೂ ಬಿಚ್ಚಿಕೊಡು, ಆಮೇಲೆ ಏನಾದರೂ ಮಾಡಿಕೋ ಎಂದ. ಹೆಣದ ಕಡೆಗೆ ಬಗ್ಗಿದ. ಬಾಷಾಬಿ ಕಾಲುಗಳನ್ನು ಎರಡೂ ತೋಳಿನಿಂದ ಬಳಸಿ ಕೂತಳು. ಒಳಗಿದ್ದ ಉಡಚಮ್ಮ ಈಚೆ ಬಂದು ಅವಳ ಪಕ್ಕದಲ್ಲಿ ಕೂತಳು.

"ಗಂಡ ಹೆಬ್ಬೆಟ್ಟು ಕೊಟ್ಟಾನ ಯಮ್ಮಾ. ನಿಂದೇನೈತಿ ಇಲ್ಲಿ?" ಎಂದ ಈಶಪ್ಪ.

"ಅವ ಹೆಬ್ಬೆಟ್ಟು ಕೊಟ್ಟಾನ. ನಾ ಹಡದೀನಿ."

ಮಾರೆವ್ವ ಮಗಳ ತಲೆಯ ಬಳಿ ಕಾಲು ಚಾಚಿ ಕೂತು, ಮುರಿದ ಕುತ್ತಿಗೆಯನ್ನು ಮೆಲ್ಲಗೆ ತೊಡೆಯ ಮೇಲೆ ಇಟ್ಟುಕೊಂಡಳು. ತಲೆ ಅಲ್ಲಿ ಹೊರಳಲಿಲ್ಲ. ಕುಡುಗೋಲು ಕೊಯ್ದ ಸೆರಗಿನ ತುದಿಯನ್ನು ಎತ್ತಿ ತನ್ನ ಮುಂಗೈಗೆ ಒಂದು ಸುತ್ತು, ಎರಡು ಸುತ್ತು, ಮೂರು ಸುತ್ತು ಬಿಗಿದು ಸುತ್ತಿಕೊಂಡು ಮುಷ್ಟಿ ಕಟ್ಟಿದಳು. ನರ ಉಬ್ಬಿದ ಆ ಮುಷ್ಟಿಯನ್ನು ಈಶಪ್ಪನ ಮುಂದೆ ಹಿಡಿದಳು.

"ಈಗ ಎಳಿ," ಎಂದಳು.