ರಫು ಅಕ್ಕನ ಬೈತಲೆ

ರಫು ಕೆಲಸಕ್ಕೆ ಬೆಳಕು ಬೇಕು. ಎಳೆಗೆ ಎಳೆ ಸೇರಿಸಿ, ತೂತು ಎಲ್ಲಿತ್ತು ಎಂದು ಬಟ್ಟೆಯ ಒಡೆಯನಿಗೇ ಗೊತ್ತಾಗದಂತೆ ಮುಚ್ಚುವ ಕೆಲಸ ಅದು. ಮಬ್ಬಿನಲ್ಲಿ ಕುಳಿತು ಮಾಡುವಂಥದ್ದಲ್ಲ. ಅದಕ್ಕೇ ಲಾಂಡ್ರಿ ಅಂಗಡಿಯಲ್ಲಿ ಕಿಟಕಿ ಪಕ್ಕದ ಸ್ಟೂಲು ಮೊದಲಿನಿಂದಲೂ ರಫು ಅಕ್ಕನದು. ಅಂಗಡಿಯಲ್ಲಿ ಇಬ್ಬರೇ. ಇಸ್ತ್ರಿ ಗಂಡನದು, ರಫು ಹೆಂಡತಿಯದು.

ಆ ಸ್ಟೂಲು ಈಗ ಕಿಟಕಿ ಪಕ್ಕ ಇರಲಿಲ್ಲ. ಒಳಗೆ, ಕಪಾಟಿನ ಮರೆಗೆ ಹೋಗಿತ್ತು.

ಕಾರಣ ಇಷ್ಟೇ. ರಫು ಮಾಡುವವರು ತಲೆ ತಗ್ಗಿಸಿಯೇ ಕೂರಬೇಕು. ಕೌಂಟರಿನ ಆಚೆ ನಿಂತ ಗಿರಾಕಿಗೆ ಮೊದಲು ಕಾಣುವುದು ಮುಖವಲ್ಲ, ನೆತ್ತಿ. ಅಕ್ಕನ ಕೂದಲು ಬಹಳ ದಿನಗಳಿಂದ ಉದುರುತ್ತಿತ್ತು. ಮೊದಲು ಬಾಚಣಿಗೆಗೆ ಬಂತು, ಆಮೇಲೆ ದಿಂಬಿಗೆ, ಆಮೇಲೆ ಬಚ್ಚಲಿನ ಜಾಲರಿಗೆ. ದಾರದಷ್ಟು ತೆಳ್ಳಗಿದ್ದ ಬೈತಲೆ ಬೆರಳಗಲವಾಯಿತು. ಒಂದು ದಿನ, ಪರದೆ ತೆಗೆದುಕೊಂಡು ಹೋಗಲು ಬಂದ ಹೆಂಗಸೊಬ್ಬಳು ಮೇಲಿಂದ ನೋಡಿ, "ಅಯ್ಯೋ ಪಾಪ, ಎಂಥಾ ಕೂದಲಿತ್ತು ನಿಮಗೆ!" ಎಂದು ಲೊಚಗುಟ್ಟಿದಳು.

ರಫು ಹಾಕಬೇಕಾಗಿದ್ದು ಆ ಬಾಯಿಗೆ. ಅಕ್ಕ ಹಾಕಲಿಲ್ಲ. ಮಾರನೆಯ ದಿನ ಸ್ಟೂಲನ್ನು ಒಳಗೆಳೆದುಕೊಂಡಳು, ತಲೆಗೆ ಸ್ಕಾರ್ಫ್ ಬಿಗಿದಳು. ಸೆಕೆಯಲ್ಲೂ ಬಿಚ್ಚಲಿಲ್ಲ. ಮಬ್ಬಿನಲ್ಲಿ ಕಡುನೀಲಿ ಕೋಟಿಗೆ ಕಪ್ಪು ದಾರ ಹಾಕಿದಳು. ಕೋಟಿನ ಒಡೆಯ ಅದನ್ನು ಬಿಸಿಲಿಗೆ ಹಿಡಿದು ಬೀದಿ ಸೇರುವಂತೆ ಕೂಗಾಡಿದ.

"ಕೂದಲಿಗೆ ಯಾಕಿಷ್ಟು ತಲೆ ಕೆಡಿಸ್ಕೊತೀಯೇ?" ಎಂದ ಗಂಡ. ಅವನದು ಪೂರ್ತಿ ಬೋಳು. "ನನ್ನ ತಲೆ ನೋಡು. ಇಸ್ತ್ರಿ ಮಾಡಿದ ಹಾಗಿದೆ, ಒಂದು ಸುಕ್ಕಿಲ್ಲ. ನಾನೇನು ಸತ್ತೋದ್ನಾ?"

"ನಿಮ್ಮನ್ನ ನೋಡಿ ಯಾರೂ ಅಯ್ಯೋ ಪಾಪ ಅನ್ನಲ್ಲ ರೀ."

"ಅನ್ನಲ್ಲ, ಸರಿ. ಅದನ್ನೂ ನಿನ್ನ ನೋಡೇ ಅಂತಾರೆ, ಇಂಥೋನ ಜೊತೆ ಸಂಸಾರ ಮಾಡ್ತಾಳಲ್ಲಾ ಅಂತ."

ಬೇರೆ ದಿನವಾಗಿದ್ದರೆ ಅಕ್ಕ ನಗುತ್ತಿದ್ದಳು.

ಆದರೆ ಗಿರಾಕಿಗಳಿಗೆ ಹೆದರಿ ಅವಳು ಹಾಗೆ ಕೊರಗುತ್ತಿರಲಿಲ್ಲ. ಕೊರಗು ಮಗಳ ವಿಷಯದ್ದು. ಮಗಳು ಬೇರೆ ಊರಿನಲ್ಲಿ ಲಿಫ್ಟ್ ರಿಪೇರಿ ಮಾಡುತ್ತಾಳೆ. ಮನೆಯಲ್ಲಿದ್ದಾಗ ಭಾನುವಾರ ಬೆಳಗ್ಗೆ ಇಬ್ಬರೂ ಹಿಂಬಾಗಿಲ ಮೆಟ್ಟಿಲ ಮೇಲೆ ಕೂರುತ್ತಿದ್ದರು. ಕೆಳಗಿನ ಮೆಟ್ಟಿಲಲ್ಲಿ ತಾಯಿ, ಮೇಲಿನದರಲ್ಲಿ ಬಾಚಣಿಗೆ ಹಿಡಿದ ಮಗಳು. ಸಿಕ್ಕು ಬಿಡಿಸುವಾಗ "ಮೆಲ್ಲಗೆ ಕಣೇ, ತಲೆ ಅದು, ಮೋಟಾರಲ್ಲ" ಎಂದು ತಾಯಿ ಬೈಯುತ್ತಿದ್ದಳು. ವಾರವೆಲ್ಲ ಬಗ್ಗಿದ ಕತ್ತು ಆ ಕೈಗಳಲ್ಲಿ ಸಡಿಲವಾಗುತ್ತಿತ್ತು. ಎಷ್ಟು ತೊಳೆದರೂ ಹೋಗದ ಗ್ರೀಸಿನ ವಾಸನೆ ಆ ಬೆರಳುಗಳಿಗೆ. ಜಡೆ ಮುಗಿದ ಮೇಲೂ ಮಗಳ ಕೈ ಸ್ವಲ್ಪ ಹೊತ್ತು ತಲೆಯ ಮೇಲೆ ಸುಮ್ಮನೆ ಇರುತ್ತಿತ್ತು. ಅಷ್ಟೇ. ಅಷ್ಟಕ್ಕೇ ಆ ಹೆಂಗಸು ವಾರವಿಡೀ ಕಾಯುತ್ತಿದ್ದಳು.

ಕಳೆದ ಸಲ ಮಗಳು ಬಂದಾಗ ಬಾಚಣಿಗೆ ಹಿಡಿದು ಹಿಂದಿನಿಂದ ಸ್ಕಾರ್ಫಿಗೆ ಕೈ ಹಾಕಿದಳು. ಅಕ್ಕ ಬೆಂಕಿ ತಾಕಿದವಳಂತೆ ಎದ್ದು, "ನನ್ನ ತಲೆ ಮುಟ್ಬೇಡ!" ಎಂದು ಕಿರುಚಿಬಿಟ್ಟಳು. ಲಿಫ್ಟ್ ಕೆಲಸಕ್ಕೆ ಹೋಗಬೇಡ ಎಂದು ಹಿಂದೆ ಇದೇ ತಾಯಿ ಹಟ ಹಿಡಿದಿದ್ದಳು. ಆ ಸಿಟ್ಟು ಇನ್ನೂ ಇಳಿದಿಲ್ಲ, ನನ್ನ ಗ್ರೀಸಿನ ಕೈ ಅಮ್ಮನಿಗೆ ಬೇಡವಾಗಿದೆ ಎಂದುಕೊಂಡಳು ಹುಡುಗಿ. ಸಂಜೆಯ ಬಸ್ಸಿಗೇ ಹೊರಟುಹೋದಳು.

ಆಮೇಲೆ ವಿಡಿಯೋ ಕಾಲ್ ಬಂದರೆ ಅಕ್ಕ ಫೋನನ್ನು ಮೇಜಿನ ಕಡೆ ತಿರುಗಿಸುತ್ತಿದ್ದಳು.

"ಅಮ್ಮಾ, ದಾರದ ಡಬ್ಬಿ ಚೆನ್ನಾಗಿದೆ, ಸಂತೋಷ. ನಿನ್ನ ಮುಖ ಎಲ್ಲಿ?"

"ಕೆಲಸ ಇದೆ ಕಣೇ. ಹೇಳು."

"ಈ ಭಾನುವಾರ ಬರ್ಲಾ? ಸಿಟ್ಟು ಇನ್ನೂ ಇದ್ರೆ ಹೇಳಿಬಿಡು, ಬರಲ್ಲ."

"ಅಯ್ಯೋ, ಬಾ" ಎಂದಳು ಅಕ್ಕ. ಎಂದ ಮೇಲೆ ದಿಗಿಲಾಯಿತು.

ಆ ದಿಗಿಲಿನಲ್ಲಿ ಅವಳು ಮಾಡಿದ ಕೆಲಸವನ್ನು ರಫು ಮಾಡುವವರಲ್ಲದೆ ಬೇರೆಯವರು ಮಾಡಲಾರರು. ಮಾಸಿದ ಕಾಲರಿಗೆ ಹಚ್ಚುವ ಕಪ್ಪು ಬಣ್ಣ ಅಂಗಡಿಯಲ್ಲಿತ್ತು. ಬಟ್ಟೆಯ ಬಣ್ಣ! ಅದನ್ನು ಸಣ್ಣ ಬ್ರಶ್ಶಿನಿಂದ ಬೈತಲೆಗೆ ಬಳಿದುಕೊಂಡಳು. ಕನ್ನಡಿಯಲ್ಲಿ ಚೆನ್ನಾಗಿಯೇ ಕಂಡಿತು. ಮಾರನೆಯ ದಿನ ಉರಿ ಶುರುವಾಯಿತು. ಅದರ ಮರುದಿನ ನೆತ್ತಿಯ ತುಂಬ ಗುಳ್ಳೆ, ಗುಳ್ಳೆಯಿಂದ ನೀರು.

ಅಕ್ಕ ಮಗಳಿಗೆ ಫೋನ್ ಮಾಡಿ, "ಈ ವಾರ ಬರ್ಬೇಡ" ಎಂದಳು. ಯಾಕೆ ಎಂದು ಹೇಳಲು ಬಾಯಿ ಬರಲಿಲ್ಲ.

"ಆಯ್ತು ಬಿಡಮ್ಮ" ಎಂದಳು ಮಗಳು. ಫೋನ್ ಇಟ್ಟಳು. ಮತ್ತೆ ಅವಳಾಗಿ ಮಾಡಲಿಲ್ಲ. ಆ ಭಾನುವಾರ ಅಕ್ಕ ಕೆಳಗಿನ ಮೆಟ್ಟಿಲಲ್ಲಿ ಒಬ್ಬಳೇ ಚಹಾ ಕುಡಿದಳು. ಮೇಲಿನ ಮೆಟ್ಟಿಲು ಖಾಲಿ ಇತ್ತು. ಆ ಜಾಗಕ್ಕೆ ಬೆನ್ನು ಕೊಟ್ಟು ಅವಳು ಸುಮ್ಮನೆ ಕೂತೇ ಇದ್ದಳು.

ಸೋಮವಾರ ನರ್ಸಮ್ಮ ಅಂಗಡಿಗೆ ಬಂದಳು. ಹತ್ತಿರದ ಆಸ್ಪತ್ರೆಯಲ್ಲಿ ಕೆಲಸ, ಅಕ್ಕನ ಹಳೆಯ ಗಿರಾಕಿ. ನುಸಿ ತಿಂದ ಸ್ವೆಟರ್ ತಂದಿದ್ದಳು.

"ಅಕ್ಕಾ, ಕಪಾಟಿನ ಹಿಂದೆ ಯಾಕೆ ಅಡಗಿದೀರಿ? ಸಾಲಗಾರರೇನಾದ್ರೂ ಬಂದ್ರಾ?"

ಅಕ್ಕ ಎದ್ದು ಬಂದು ಸ್ವೆಟರ್ ತೆಗೆದುಕೊಂಡಳು. ಕೈ ತಾನಾಗಿ ಸ್ಕಾರ್ಫಿನೊಳಗೆ ಹೋಗಿ ಕೆರೆಯಿತು. ನರ್ಸಮ್ಮನ ಕಣ್ಣು ಅಲ್ಲಿಗೇ ಬಿತ್ತು.

"ಬಿಚ್ಚಿ ಅದನ್ನ."

"ಏನಿಲ್ಲ ನರ್ಸಮ್ಮ, ಸೆಕೆಗೆ..."

"ಸೆಕೆಯಾದ್ರೆ ಬಿಚ್ಚೋಕೇನು ನೋವು?"

ನರ್ಸಮ್ಮ ಬಿಚ್ಚಿಸಿ ನೋಡಿದಳು. ಹಚ್ಚಿದ್ದೇನೆಂದು ಅಕ್ಕನ ಬಾಯಿಂದ ಕೇಳಿ ಅವಳ ಮುಖ ಕೆಂಪಾಯಿತು. "ಬಟ್ಟೆ ಬಣ್ಣ ತಲೆಗಾ! ಬುದ್ಧಿ ಇದೆಯಾ ನಿಮಗೆ? ತಲೆಗೇ ಅಂತ ಮಾಡಿದ ಬಣ್ಣ ಕೂಡ ಎಷ್ಟೋ ಜನಕ್ಕೆ ಆಗಿಬರಲ್ಲ. ನಡೀರಿ ಆಸ್ಪತ್ರೆಗೆ."

ಅಕ್ಕ ಅತ್ತುಬಿಟ್ಟಳು. ಉರಿಗಲ್ಲ. ಮಗಳ ವಿಷಯ ಎಲ್ಲಾ ಹೇಳಿದಳು. ಇಸ್ತ್ರಿ ಮಾಡುತ್ತಿದ್ದ ಗಂಡ ಪೆಟ್ಟಿಗೆಯನ್ನು ನಿಲ್ಲಿಸಿ ಇಟ್ಟು ಕೇಳಿದ. ಅವನಿಗೂ ಇದು ಗೊತ್ತಿರಲಿಲ್ಲ.

"ಮುಚ್ಕೋಬೇಕು ಅನ್ನಿಸಿದ್ದು ತಪ್ಪಲ್ಲ ಅಕ್ಕಾ" ಎಂದಳು ನರ್ಸಮ್ಮ, ಈಗ ಮೆತ್ತಗೆ. "ಮುಚ್ಕೊಂಡ ರೀತಿ ತಪ್ಪು. ನನ್ನ ಬೈತಲೆ ನೋಡಿ."

"ನಿಮಗೇನು, ಚೆನ್ನಾಗಿದೆ."

ನರ್ಸಮ್ಮ ಬಿಳಿ ಕರವಸ್ತ್ರ ತೆಗೆದು ತನ್ನ ಬೈತಲೆಯ ಮೇಲೆ ಉಜ್ಜಿದಳು. ಬಟ್ಟೆಗೆ ಕಂದು ಪುಡಿ ಅಂಟಿತು. ಉಜ್ಜಿದ ಕಡೆ ನೆತ್ತಿ ಬೆಳ್ಳಗೆ ಇಣುಕಿತು. "ನಮ್ಮಮ್ಮನ ಕಡೆಯ ಆಸ್ತಿ ಇದು. ಅಣ್ಣನಿಗೆ ಮನೆ ಬಂತು, ನನಗೆ ಈ ಬಯಲು. ಎಷ್ಟು ಸಲ ನಿಮ್ಮ ಮುಂದೆ ಬಂದು ನಿಂತಿದೀನಿ, ಗೊತ್ತಾಯ್ತಾ?"

ಗಂಡನಿಗೆ ತಡೆಯಲಾಗಲಿಲ್ಲ. "ತಪ್ಪು ತಿಳ್ಕೋಬೇಡಿ ನರ್ಸಮ್ಮ. ಇಲ್ಲದ್ದನ್ನ ಇದೆ ಅಂತ ತೋರ್ಸೋದು ಮೋಸ ಅಲ್ವಾ?"

"ಹಂಗಾದ್ರೆ ಭಾವ, ನೀವು ಇಸ್ತ್ರಿ ಮಾಡಿಕೊಟ್ಟ ಶರ್ಟು ಹಾಕ್ಕೊಂಡು ಓಡಾಡೋರೆಲ್ಲ ಸುಕ್ಕು ಮುಚ್ಚಿಟ್ಟ ಮೋಸಗಾರರಾ?"

ಭಾವ ಮತ್ತೆ ಪೆಟ್ಟಿಗೆ ಕೈಗೆತ್ತಿಕೊಂಡ.

ಅಕ್ಕ ಕರವಸ್ತ್ರವನ್ನು ಕಿಟಕಿಯ ಬಳಿ ಒಯ್ದು ಬೆಳಕಿಗೆ ಹಿಡಿದಳು. ಅವಳ ಕಣ್ಣು ಸುಳ್ಳು ಹೇಳುವುದಿಲ್ಲ. "ಇದು ಪುಡಿ ಅಲ್ಲ, ಎಳೆ! ಕೂದಲಿನ ಬಣ್ಣದ ಚೂರು ಚೂರು ಎಳೆ."

"ಹೂಂ. ಇರೋ ಕೂದಲಿಗೆ ಅಂಟ್ಕೊಂಡು ದಟ್ಟ ಕಾಣೋ ಹಾಗೆ ಮಾಡುತ್ತೆ."

"ಅಂದ್ರೆ ರಫುನೇ ಇದು."

"ರಫುನೇ. ಈಗ ನೀವು ಹೇಳಿ. ಈ ಸ್ವೆಟರ್‌ಗೆ ಸೂಜಿ ಹಾಕೋ ಮುಂಚೆ ಏನು ಮಾಡ್ತೀರಿ?"

"ಕೊಡವಿ, ನುಸಿ ಇನ್ನೂ ಒಳಗಿದೆಯಾ ಅಂತ ನೋಡ್ತೀನಿ. ಹುಳ ಒಳಗೇ ಇಟ್ಕೊಂಡು ಮೇಲೆ ರಫು ಹಾಕಿ ಏನು ಬಂತು?"

ಹೇಳಿದ ಮೇಲೆ ತನ್ನ ಮಾತು ತನಗೇ ಕೇಳಿಸಿತು. ಸ್ಕಾರ್ಫನ್ನು ಮಡಚಿ ಚೀಲಕ್ಕೆ ಹಾಕಿಕೊಂಡು, "ನಡೀರಿ ಆಸ್ಪತ್ರೆಗೆ" ಎಂದಳು.

ಚರ್ಮದ ಡಾಕ್ಟರು ಗುಳ್ಳೆಗೆ ಮುಲಾಮು ಕೊಟ್ಟರು, ರಕ್ತ ಪರೀಕ್ಷೆ ಮಾಡಿಸಿದರು. ಒಳಗಿನ ನುಸಿ ಸಿಕ್ಕಿತು. ರಕ್ತದಲ್ಲಿ ಕಬ್ಬಿಣದ ಅಂಶ ಬಹಳ ಕಡಿಮೆ. "ಮನೇಲಿ ಇಸ್ತ್ರಿ ಪೆಟ್ಟಿಗೆ ಇಟ್ಕೊಂಡೂ ಕಬ್ಬಿಣ ಸಾಲ್ದಾ?" ಎಂದ ಜೊತೆಗೆ ಬಂದಿದ್ದ ಗಂಡ. ಡಾಕ್ಟರೂ ನಕ್ಕರು. ಆದರೆ ಸುಳ್ಳು ಭರವಸೆ ಕೊಡಲಿಲ್ಲ. ಉದುರಿದ್ದರಲ್ಲಿ ಸ್ವಲ್ಪ ರಕ್ತದ ಕೊರತೆಯಿಂದ, ಸ್ವಲ್ಪ ವಯಸ್ಸಿನಿಂದ. ಮಾತ್ರೆ ತೆಗೆದುಕೊಂಡರೆ ಉದುರುವುದು ಕಡಿಮೆಯಾಗಬಹುದು, ತಿಂಗಳುಗಟ್ಟಲೆ ತಾಳ್ಮೆ ಬೇಕು, ಹೋದದ್ದೆಲ್ಲ ತಿರುಗಿ ಬರಲಿಕ್ಕಿಲ್ಲ ಎಂದರು. ನೆತ್ತಿ ಪೂರ್ತಿ ಮಾಯುವವರೆಗೆ ತಲೆಗೆ ಏನೂ ಹಾಕಬಾರದು ಎಂದರು.

ನೆತ್ತಿ ಮಾಯ್ದ ಮೇಲೆ ನರ್ಸಮ್ಮ ಅಂಥದೇ ಕಪ್ಪು ಎಳೆಪುಡಿಯ ಸಣ್ಣ ಡಬ್ಬಿ ತಂದಳು. ಮೊದಲು ಮೊಣಕೈ ಒಳಮಡಿಕೆಗೆ ಚೂರು ಹಚ್ಚಿ ಎರಡು ದಿನ ಕಾದರು. ತುರಿ ಬರಲಿಲ್ಲ. ಆಮೇಲೆ ತೊಳೆದು ಚೆನ್ನಾಗಿ ಒಣಗಿಸಿದ ಕೂದಲಿಗೆ ಉದುರಿಸಿ ಬೆರಳಿನಿಂದ ಮೆಲ್ಲಗೆ ತಟ್ಟಿದಳು.

"ಒದ್ದೆ ತಲೆಗೆ ಹಾಕಿದ್ರೆ ಗಂಟು ಕಟ್ಟುತ್ತೆ. ಜೋರು ಮಳೆಗೆ, ಬೆವರಿಗೆ ಇಳಿದ್ರೂ ಇಳೀತು. ಮಲಗೋ ಮುಂಚೆ ತೊಳೀರಿ. ಗಾಯ ಇದ್ರೆ, ತುರಿ ಬಂದ್ರೆ ಅವತ್ತೇ ನಿಲ್ಲಿಸಿ."

"ಕೂದಲು ಬೆಳೆಸುತ್ತಾ ಇದು?"

"ಇಲ್ಲ. ಬೆಳೆಸುತ್ತೆ ಅಂತ ಯಾರಾದ್ರೂ ಮಾರೋಕೆ ಬಂದ್ರೆ ಭಾವನ ಬಿಸಿ ಪೆಟ್ಟಿಗೆ ಹತ್ರ ಕಳಿಸಿ."

ಮಧ್ಯಾಹ್ನ ಗಂಡ ಡಬ್ಬಿಯನ್ನು ಕದ್ದು ತನ್ನ ಬೋಳು ತಲೆಗೆ ಸುರಿದುಕೊಂಡ. ಅಂಟಲು ಅಲ್ಲಿ ಕೂದಲೇ ಇರಲಿಲ್ಲ. ಮಸಿ ಹಿಡಿದ ಪಾತ್ರೆಯಂತಾದ. ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ಹೆಂಡತಿಯ ನಗು ಕೇಳಿ ಬಹಳ ಕಾಲವಾಗಿದ್ದ ಆ ಮನುಷ್ಯ, ಮಸಿ ಒರೆಸಿಕೊಳ್ಳುವುದನ್ನೂ ಮರೆತು ನಿಂತ. ಆಮೇಲೆ ತಾನೇ ಸ್ಟೂಲನ್ನು ಎತ್ತಿ ಕಿಟಕಿ ಪಕ್ಕ ಇಟ್ಟ.

"ಕೂತ್ಕೋ. ಇನ್ನು ನೀಲಿಗೆ ಕಪ್ಪು ಹಾಕಿದ್ರೆ ನಾನೇ ಕೂಗಾಡ್ತೀನಿ."

ಕಿಟಕಿಯ ಬೆಳಕಿನಲ್ಲಿ ಕುಳಿತು ಅಕ್ಕ ಮಗಳಿಗೆ ವಿಡಿಯೋ ಕಾಲ್ ಮಾಡಿದಳು. ಈ ಸಲ ಫೋನನ್ನು ತಿರುಗಿಸಲಿಲ್ಲ.

"ಅಮ್ಮಾ!" ಎಂದಳು ಮಗಳು.

"ಸಿಟ್ಟಲ್ಲ ಕಣೇ. ಯಾವತ್ತೂ ಸಿಟ್ಟಿರಲಿಲ್ಲ. ಭಾನುವಾರ ಬಾ. ಬಂದ್ಮೇಲೆ ಹೇಳ್ತೀನಿ."

ಭಾನುವಾರ ಬೆಳಗ್ಗೆ ಅಕ್ಕ ತಲೆ ತೊಳೆದುಕೊಂಡಳು. ಡಬ್ಬಿ ಕೈಯಲ್ಲಿ ಹಿಡಿದು ಕನ್ನಡಿ ಮುಂದೆ ನಿಂತಳು. ಪುಡಿ ಹಾಕಿದ ತಲೆಯನ್ನೇ ಮಗಳಿಗೂ ತೋರಿಸಬಹುದಿತ್ತು. ಆದರೆ ಬಾಚುವ ಕೈಗೆ ತಾನು ಹೆದರಿ ಕೂರಬೇಕಾಗುತ್ತದೆ, ಪುಡಿ ಉದುರೀತು ಎಂದು. ಅವಳಿಗೆ ಬೇಕಾಗಿದ್ದು ಹೆದರದೆ ಕೂರುವುದು. ಡಬ್ಬಿಯನ್ನು ತೆರೆಯದೆ, ಬಾಚಣಿಗೆಯ ಜೊತೆ ತಂದು ಮೇಲಿನ ಮೆಟ್ಟಿಲ ಮೇಲೆ ಇಟ್ಟು, ತಾನು ಕೆಳಗೆ ಕುಳಿತಳು.

ಮಗಳು ಬಂದು ಹಿಂದೆ ನಿಂತಳು. ನೋಡಿದಳು. ಅಕ್ಕ ಕಣ್ಣು ಮುಚ್ಚಿಕೊಂಡಳು.

"ಇದಕ್ಕಾ ಅಮ್ಮಾ ನನ್ನ ಬರ್ಬೇಡ ಅಂದಿದ್ದು?"

ಅಕ್ಕ ಹೌದೆಂದು ತಲೆಯಾಡಿಸಿದಳು.

"ನಾನು ದಿನಾ ಲಿಫ್ಟ್ ಮೇಲೆ ನಿಂತು ಎಷ್ಟೋ ಜನರ ತಲೆ ನೋಡ್ತೀನಿ. ಮೇಲಿಂದ ನೋಡಿದ್ರೆ ಎಲ್ಲರದ್ದೂ ಅಷ್ಟಕ್ಕಷ್ಟೇ." ಮಗಳು ಬಾಚಣಿಗೆ ಎತ್ತಿಕೊಂಡಳು. "ನನ್ನ ಕೈ ಬೇಡವಾಯ್ತು ನಿನಗೆ ಅಂದ್ಕೊಂಡೆ ನಾನು."

ಅವಳು ಕುಳಿತು ಬಾಚತೊಡಗಿದಳು. ಮೊದಲಿನಷ್ಟು ಹೊತ್ತು ಹಿಡಿಯಲಿಲ್ಲ, ಬಾಚಲು ಅಷ್ಟು ಕೂದಲಿರಲಿಲ್ಲ. ಸಣ್ಣ ಜಡೆ ಹಾಕಿ, ಡಬ್ಬಿ ಬಿಚ್ಚಿ, "ಹೆಂಗೆ ಹಾಕ್ಬೇಕು ಇದನ್ನ?" ಎಂದು ಕೇಳಿ, ಬೈತಲೆಯ ಉದ್ದಕ್ಕೂ ಉದುರಿಸಿ ತಟ್ಟಿದಳು. ಕೆಲಸ ಮುಗಿಯಿತು. ಕೈ ಹೋಗಲಿಲ್ಲ. ಗ್ರೀಸಿನ ವಾಸನೆಯ ಆ ಕೈ ತಲೆಯ ಮೇಲೆ ಹಾಗೇ ಇತ್ತು.

ಇದನ್ನು ಓದುತ್ತಿರುವ ತಾಯಂದಿರೇ, ಅಣ್ಣಂದಿರೇ, ಕೂದಲು ತೆಳುವಾಗಿದ್ದಕ್ಕೆ ನೀವೇನು ಕದ್ದು ಸಿಕ್ಕಿಬಿದ್ದವರಲ್ಲ. ಮೊದಲು ಡಾಕ್ಟರಿಗೆ ತೋರಿಸಿ, ಒಳಗೆ ನುಸಿ ಇದೆಯೇ ನೋಡಿಸಿ. ದಿಢೀರನೆ ಉದುರಿದರೆ, ಬಿಲ್ಲೆ ಬಿಲ್ಲೆಯಾಗಿ ಹೋದರೆ, ತುರಿಕೆ ಇದ್ದರೆ ಒಂದು ದಿನವೂ ತಡ ಮಾಡಬೇಡಿ. ಆಮೇಲೆ ಮುಚ್ಚಿಕೊಳ್ಳಬೇಕು ಅನ್ನಿಸಿದರೆ ತಲೆಗೆಂದೇ ಮಾಡಿದ್ದನ್ನು, ಪರೀಕ್ಷಿಸಿ ನೋಡಿ, ಧೈರ್ಯವಾಗಿ ಹಾಕಿಕೊಳ್ಳಿ. ಬೇಡವೆನಿಸಿದರೆ ಬಿಡಿ. ಕಂಡವರ ತಲೆ ನೋಡಿ ಲೊಚಗುಟ್ಟುವವರು ಮಾತ್ರ ಬಾಯಿಗೆ ಒಂದು ಹೊಲಿಗೆ ಹಾಕಿಕೊಳ್ಳಿ. ಉಳಿದವರು ನಿಮ್ಮ ಸ್ಟೂಲನ್ನು ಇವತ್ತೇ ಕಿಟಕಿ ಹತ್ತಿರ ತನ್ನಿ. ನಿಮ್ಮ ತಲೆ ಮೇಲೆ ಕೈ ಇಡಲು ಯಾರೋ ಕಾಯುತ್ತಿದ್ದಾರೆ, ಅವರನ್ನು ಇನ್ನೂ ಕಾಯಿಸಬೇಡಿ.