ಮೂರನೆಯ ಹೋಡಿ

ಮರ್ಯಾದೆಯಿಂದ ಮನುಷ್ಯ ಸಾಯುತ್ತಾನೆ ಎಂದರೆ ನಮ್ಮ ಜಂಜಿಬಾರಿನಲ್ಲಿ ಯಾರೂ ಒಪ್ಪುವುದಿಲ್ಲ. ಒಪ್ಪದಿದ್ದರೆ ಬಿಡಲಿ. ನನ್ನ ಹಿಲಾಲ್ ಮಾಮನನ್ನು ಕೊಂದದ್ದು ಅರ್ಧ ಬಂದೂಕು, ಇನ್ನರ್ಧ ಅವನ ಹಾಳು ಮರ್ಯಾದೆ.

ಇಲ್ಲಿ ಯಾರ ಮನೆಗೆ ಹೋದರೂ ಹೊಸ್ತಿಲಾಚೆ ನಿಂತು "ಹೋಡಿ" ಎಂದು ಕೂಗಬೇಕು. ಒಳಗಿನವರು "ಕರೀಬು" ಎಂದು ಕರೆದರೆ ಚಪ್ಪಲಿ ಬಿಟ್ಟು ಬರಬೇಕು. ಮೂರು ಸಲ ಕೂಗಿದರೂ ಉತ್ತರವಿಲ್ಲವೋ, ಬಂದ ದಾರಿಗೆ ಸುಂಕವಿಲ್ಲವೆಂದು ತಿರುಗಬೇಕು. ಮಾಮ ಒಡಹುಟ್ಟಿದ ಅಕ್ಕನ ಮನೆಗೂ ಹಾಗೇ ಬರುತ್ತಿದ್ದ. ಒಂದೇ ವ್ಯತ್ಯಾಸ, ಮೊದಲ ಹೋಡಿಗೇ ಚಪ್ಪಲಿ ಬಿಟ್ಟುಬಿಡುತ್ತಿದ್ದ. ಅಕ್ಕ ಕರೆಯದೆ ಇರುತ್ತಾಳೆಯೇ ಎಂಬ ಧೈರ್ಯ.

ಬ್ರಿಟಿಷರು ಹೊರಟ ಡಿಸೆಂಬರಿನಲ್ಲಿ ಅವನಿಗೆ ಅರಮನೆಯಲ್ಲಿ ಹೊಸ ಬಾವುಟ ಏರಿಸುವ ಕೆಲಸ ಸಿಕ್ಕಿತು. ಕೆಂಪು ಬಟ್ಟೆ, ನಡುವೆ ಹಸಿರು ದುಂಡು, ಅದರೊಳಗೆ ಲವಂಗ. ಹಲ್ವದ ಡಬ್ಬಿ ಹಿಡಿದು ಬಂದವನ ಎದೆ ಉಬ್ಬಿತ್ತು.

"ಇನ್ಮೇಲೆ ನಮ್ದು ಸಂವಿಧಾನದ ರಾಜ್ಯ ಕಣಕ್ಕಾ. ಸುಲ್ತಾನರು ಸುಮ್ನೆ ಕೂತಿರ್ತಾರೆ, ಆಳೋದು ಮಂತ್ರಿಗಳು."

"ಇದೇನೋ ಹೊಸದು?" ಎಂದಳು ಅಮ್ಮ. "ನಿನ್ನ ಭಾವನೂ ಕೂತೇ ಇರ್ತಾರೆ, ಆಳೋಳು ನಾನು!"

ಪೊಲೀಸ್ ಕೆಲಸದಲ್ಲಿದ್ದ ಅಪ್ಪ ಕೂತಲ್ಲೇ ನಕ್ಕರು.

ಆ ರಾಜ್ಯ ಒಂದು ತಿಂಗಳು ಬಾಳಿತು. ಹಲ್ವ ಇನ್ನೂ ಡಬ್ಬಿಯ ತಳದಲ್ಲಿತ್ತು. ಜನವರಿಯ ಒಂದು ಭಾನುವಾರ ಬೆಳಗಾಗುವಷ್ಟರಲ್ಲಿ ಪೊಲೀಸರ ಬಂದೂಕುಗಳು ಬಂಡಾಯಗಾರರ ಕೈ ಸೇರಿದ್ದವು. ಸುಲ್ತಾನರು ಹಡಗು ಹತ್ತಿದರು. ಹತ್ತಲು ಹಡಗಿಲ್ಲದವರು ಮನೆಗಳಲ್ಲಿ ಅಡಗಿದರು. ಬಂಡಾಯಗಾರರು ಪೊಲೀಸರನ್ನೂ ಅರಮನೆಯವರನ್ನೂ ಹುಡುಕಿ ಹುಡುಕಿ ಕೊಲ್ಲುತ್ತಿದ್ದಾರೆ, ಗುರುತಿನವರ ಕುತ್ತಿಗೆಗೆ ಕತ್ತಿಯಿಟ್ಟು ಅವರಿಂದಲೇ ಹೋಡಿ ಕೂಗಿಸುತ್ತಾರೆ ಎಂದು ಪಕ್ಕದ ಮನೆಯವರು ಗೋಡೆಯಾಚೆಯಿಂದ ಹೇಳಿದರು. ಅಮ್ಮ ಅಪ್ಪನನ್ನು ಲವಂಗದ ಚೀಲಗಳ ಹಿಂದೆ ಕೂರಿಸಿ ಅಗುಳಿ ಹಾಕಿದಳು.

ಮಧ್ಯಾಹ್ನ ಬಾಗಿಲಾಚೆ ದನಿ ಬಂತು. "ಹೋಡಿ."

"ಅಮ್ಮಾ, ಮಾಮ!" ಎಂದು ಓಡಿದೆ. ಅವಳು ನನ್ನ ಬಾಯಿ ಮುಚ್ಚಿದಳು.

"ಅವನೇ ಅಂತ ಗೊತ್ತು ಕಣೆ. ಹಿಂದೆ ಯಾರಿದ್ದಾರೋ!"

"ಹೋಡಿ, ಅಕ್ಕಾ."

ಅವಳ ಇನ್ನೊಂದು ಕೈ ಅಗುಳಿಯ ಮೇಲಿತ್ತು, ಕಣ್ಣು ಚೀಲಗಳ ಮೇಲೆ. ಅಪ್ಪನ ಕಾಲಿನ ಹೆಬ್ಬೆರಳು ಕಾಣುತ್ತಿತ್ತು. ಮೂರನೆಯ ಹೋಡಿ ತೀರ ಮೆಲ್ಲಗೆ ಬಂತು, ಒಳಗೆ ಮಗು ಮಲಗಿದ್ದರೆ ಕೂಗುತ್ತಾರಲ್ಲ, ಹಾಗೆ. ಆಮೇಲೆ ಏನೂ ಇಲ್ಲ.

ಅಯ್ಯೋ ಮಾಮ, ಬಾಗಿಲು ಒದೆಯಬಾರದಿತ್ತೇನೋ! ಬಾಯಿ ಬಡಿದುಕೊಂಡು ಬೀದಿ ಕೂಡಿಸಬಾರದಿತ್ತೇ! ಸಾವು ಬೆನ್ನಿಗಿರುವಾಗಲೂ ಮೂರಾಯಿತೆಂದು ತಿರುಗಿದೆಯಲ್ಲೋ!

ಮರುದಿನ ಅಮ್ಮ ಬಾಗಿಲು ತೆರೆದಳು. ಹೊಸ್ತಿಲಾಚೆ ಅವನ ಚಪ್ಪಲಿಗಳು ಜೋಡಿಯಾಗಿ ಕೂತಿದ್ದವು. ಅವನು ಒಬ್ಬನೇ ಬಂದಿದ್ದ, ಬರಿಗಾಲಲ್ಲಿ ಸಮುದ್ರದ ಕಡೆ ನಡೆದುಹೋದ ಎಂದು ಎದುರು ಮನೆಯವರು ಹೇಳಿದರು. ಸ್ವಲ್ಪ ಹೊತ್ತಿಗೆ ಆ ಕಡೆಯಿಂದ ಗುಂಡಿನ ಸದ್ದು ಬಂತಂತೆ. ಅವನನ್ನು ಮತ್ತೆ ಯಾರೂ ನೋಡಲಿಲ್ಲ.

ಅಪ್ಪ ಬಹಳ ಕಾಲ ಬದುಕಿದರು. ಬಾಗಿಲಲ್ಲಿ ಯಾರು ಕೂಗಿದರೂ ಅವರು ಮಾತ್ರ ಕರೀಬು ಎನ್ನಲಿಲ್ಲ. ಅಮ್ಮ ಆ ಬಾಗಿಲಿಗೆ ಮತ್ತೆ ಅಗುಳಿ ಹಾಕಲಿಲ್ಲ. ಕಳ್ಳರು ಬಂದು ಹೋದರು, ಆಗಲೂ ಹಾಕಲಿಲ್ಲ. ಚಪ್ಪಲಿಗಳನ್ನು ಎಣ್ಣೆ ಸವರಿ ಅಲ್ಲೇ ಇಟ್ಟಳು. ಮಧ್ಯಾಹ್ನ ಅನ್ನ ಬಡಿಸುತ್ತಿದ್ದವಳು ಸೌಟು ಹಿಡಿದೇ ಎದ್ದು, "ಕರೀಬು, ಕರೀಬು, ಬಾರೋ" ಎಂದು ಬಾಗಿಲಿಗೆ ಓಡುತ್ತಿದ್ದಳು. ಅಲ್ಲಿ ಚಪ್ಪಲಿ ಬಿಟ್ಟರೆ ಯಾರೂ ಇರುತ್ತಿರಲಿಲ್ಲ. ಆ ದನಿ ನನಗೂ ಕೇಳಿಸಿದೆ, ಸುಳ್ಳೇಕೆ ಹೇಳಲಿ?

"ಅವತ್ತೂ ಆಳಿದ್ದು ನಾನೇ ಕಣೆ," ಎನ್ನುತ್ತಿದ್ದಳು.

ಹೋದ ವರ್ಷ ಅವಳು ಹಾಸಿಗೆ ಹಿಡಿದಳು. ಕೊನೆಯ ಮಧ್ಯಾಹ್ನ ಕಣ್ಣು ಮುಚ್ಚಿಕೊಂಡೇ ಅವಳು "ಹೋಡಿ" ಎಂದಳು. ಯಾರ ಬಾಗಿಲಲ್ಲಿ ನಿಂತಿದ್ದಾಳೆಂದು ನನಗೆ ಗೊತ್ತಾಯಿತು. ಹೊದಿಕೆಯ ಕೆಳಗೆ ಪಾದಗಳು ಒಂದಕ್ಕೊಂದು ಉಜ್ಜುತ್ತಿದ್ದವು, ಚಪ್ಪಲಿ ಕಳಚುವಂತೆ. ಸ್ವಲ್ಪ ಹೊತ್ತು ಕಿವಿಗೊಟ್ಟಳು. "ಹೋಡಿ, ತಮ್ಮಾ."

ಮೂರಾಗಲು ನಾನು ಬಿಡಲಿಲ್ಲ. ಕಿವಿಯ ಹತ್ತಿರ ಬಗ್ಗಿ, ದನಿ ದಪ್ಪ ಮಾಡಿ ಹೇಳಿದೆ: "ಕರೀಬು ಅಕ್ಕಾ. ಬಾ, ಬಾಗಿಲು ತೆಗೆದೇ ಇದೆ."

ಪಾದಗಳು ನಿಂತವು. ಅಮ್ಮ ಮತ್ತೆ ಕೂಗಲಿಲ್ಲ.